ಮಂಡಿಗೊಬ್ಬರು, ಬಿಪಿಗೊಬ್ಬರು, ನರಕ್ಕೊಬ್ಬರು: ಮೂರು ಚೀಟಿಯ ಮಾತ್ರೆ ಒಟ್ಟಿಗೆ ತಗೊಳ್ಳೋದು ಹೇಗೆ?

ಕುಂದಾದ್ರಿ (ತೀರ್ಥಹಳ್ಳಿ)

ವಯಸ್ಸು 68, ತೂಕ 48 ಕೆಜಿ, ಹೆಂಗಸು. ಎರಡೂ ಮಂಡಿ ಸವೆದಿದೆ, ಸೊಂಟದಿಂದ ಕಾಲಿಗೆ ಇಳಿಯುವ ನರದ ನೋವೂ ಇದೆ. ಜೊತೆಗೆ ಬಿಪಿ, ಶುಗರ್. ಮೂರು ಡಾಕ್ಟರ ಚೀಟಿ ಸೇರಿಸಿದರೆ ಪಟ್ಟಿ ಹೀಗಾಗತ್ತೆ:

ತೆಲ್ಮಿಸಾರ್ಟಾನ್ 40 + ಹೈಡ್ರೋಕ್ಲೋರೋಥಯಾಜೈಡ್ 12.5, ಬೆಳಿಗ್ಗೆ ಒಂದು (ಬಿಪಿಗೆ)
ಮೆಟ್‌ಫಾರ್ಮಿನ್ 500, 1-0-1 (ಶುಗರ್‌ಗೆ, ಬೆಳಿಗ್ಗೆ ಒಂದು ರಾತ್ರಿ ಒಂದು)
ಆಸ್ಪಿರಿನ್ 75, ಮಧ್ಯಾಹ್ನ ಊಟದ ನಂತರ (ರಕ್ತ ಹೆಪ್ಪುಗಟ್ಟದಿರಲಿ ಅಂತ)
ಅಸೆಕ್ಲೋಫೆನಾಕ್ 100 + ಪ್ಯಾರಾಸಿಟಮಾಲ್ 325, 1-0-1 (ಮಂಡಿ ನೋವಿಗೆ)
ಪ್ರಿಗಾಬಾಲಿನ್ 75 + ನಾರ್ಟ್ರಿಪ್ಟಿಲಿನ್ 10, ರಾತ್ರಿ ಒಂದು (ನರದ ನೋವಿಗೆ)
ಟ್ರಮಡಾಲ್ 37.5 + ಪ್ಯಾರಾಸಿಟಮಾಲ್ 325, ನೋವು ಜಾಸ್ತಿಯಾದಾಗ
ಪ್ಯಾಂಟೊಪ್ರಜೋಲ್ 40, ಬೆಳಿಗ್ಗೆ (ಹೊಟ್ಟೆಯ ಆಮ್ಲ ಕಡಿಮೆ ಮಾಡೋಕೆ)

ಇದಲ್ಲದೆ ಮೈಕೈ ನೋವಿಗೆ ಮನೆಯಲ್ಲಿರುವ ಪ್ಯಾರಾಸಿಟಮಾಲ್ 650, ಮಂಡಿಗೆ ಜೆಲ್, ಸಂಜೆಗೊಂದು ಕಷಾಯ. ಒಬ್ಬರು ಬರೆದಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಇದರಲ್ಲಿ ಯಾವುದಕ್ಕೆ ಯಾವುದು ಆಗಿಬರಲ್ಲ, ಏನೇನು ಗಮನಿಸಬೇಕು, ತಿಳಿದವರು ಬಿಡಿಸಿ ಹೇಳಿ.

ಔಷಧ ಪೆಟ್ಟಿಗೆ (ಸಾಗರ, ಫಾರ್ಮಸಿಸ್ಟ್)

ಕುಂದಾದ್ರಿಯವರೇ, ಅರ್ಧ ಕೆಲಸ ನೀವೇ ಮಾಡಿದೀರಿ. ಬ್ರಾಂಡ್ ಹೆಸರು ಬಿಟ್ಟು ಒಳಗಿರುವ ಔಷಧದ ಹೆಸರು ಬರೆದಿದೀರಲ್ಲ, ಎಲ್ಲರೂ ಹೀಗೇ ಬರೆದಿಡಬೇಕು. ಸ್ಟ್ರಿಪ್ಪಿನ ಬೆನ್ನಲ್ಲಿ ಸಣ್ಣ ಅಕ್ಷರದಲ್ಲಿರುವ ಹೆಸರೇ ಲೆಕ್ಕಕ್ಕೆ ಬರೋದು. ದೊಡ್ಡ ಅಕ್ಷರದ್ದು ಕಂಪನಿ ಇಟ್ಟ ಹೆಸರು, ಅಷ್ಟೆ.

ಈಗ ಪ್ಯಾರಾಸಿಟಮಾಲ್ ಕೂಡಿಸಿ. ನಿಮ್ಮ ಪಟ್ಟಿಯಲ್ಲಿ ಅದು ಮೂರು ಕಡೆ ಇದೆ. ಅಸೆಕ್ಲೋಫೆನಾಕ್ ಮಾತ್ರೆ ಎರಡು, 650 ಮಿಗ್ರಾಂ. ನೋವು ಜಾಸ್ತಿ ಅಂತ ಟ್ರಮಡಾಲ್ ಮಾತ್ರೆ ಮೂರು ತಗೊಂಡರೆ 975. ಮೈಕೈ ನೋವಿಗೆ 650ರದ್ದು ಮೂರು, 1950. ಒಟ್ಟು 3575. ಅದೇ ದಿನ ನೆಗಡಿ ಅಂತ ಅಂಗಡಿಯಿಂದ ತಂದ ಮಾತ್ರೆ ಎರಡು ಹೊಟ್ಟೆಗೆ ಹೋದರೆ, ಅದರಲ್ಲಿ ಸಾಮಾನ್ಯವಾಗಿ ಒಂದೊಂದರಲ್ಲಿ 500 ಇರತ್ತೆ, 4575 ಆಯ್ತು. ಯಾವ ಡಾಕ್ಟರೂ ಇಷ್ಟು ಬರೆದಿಲ್ಲ. ಎಲ್ಲರೂ ಬರೆದಿದ್ದು ಅವರವರ ಮಟ್ಟಿಗೆ ಸರಿಯಾಗೇ ಇದೆ. ಕೂಡಿಸುವವರು ಇಲ್ಲ, ತೊಂದರೆ ಇರೋದು ಅಲ್ಲಿ.

ಡಾಕ್ಟರು ಬರೆಯುವ ಕೂಡುಮಾತ್ರೆಗಳಲ್ಲಿ (ಒಂದಕ್ಕಿಂತ ಹೆಚ್ಚು ಔಷಧ ಬೆರೆಸಿದ ಮಾತ್ರೆ) ಪ್ಯಾರಾಸಿಟಮಾಲ್ 325ಕ್ಕಿಂತ ಹೆಚ್ಚಿರಬಾರದು ಅಂತ ಕೇಂದ್ರ ಸರ್ಕಾರ 2011ರಲ್ಲೇ ಮಿತಿ ಹಾಕಿತು, ಲಿವರ್ ಉಳಿಯಲಿ ಅಂತ. ಎರಡು ಮೂರು ಕೂಡುಮಾತ್ರೆ ಒಟ್ಟಿಗೆ ನುಂಗಿದರೆ ಆ ಮಿತಿಗೆ ಅರ್ಥವೇ ಉಳಿಯಲ್ಲ.

ತುಂಗಾತೀರ (ಶಿವಮೊಗ್ಗ, ಫಿಸಿಷಿಯನ್)

ಪಟ್ಟಿ ನೋಡಿದ ಕೂಡಲೇ ನನ್ನ ಕಣ್ಣು ಹೋಗಿದ್ದು ಪ್ಯಾರಾಸಿಟಮಾಲ್ ಮೇಲಲ್ಲ. ತೆಲ್ಮಿಸಾರ್ಟಾನ್, ಹೈಡ್ರೋಕ್ಲೋರೋಥಯಾಜೈಡ್, ಅಸೆಕ್ಲೋಫೆನಾಕ್ ಈ ಮೂರು ಒಟ್ಟಿಗೆ ಇವೆ. ವಯಸ್ಸಾದವರ ಕಿಡ್ನಿಗೆ ಸದ್ದಿಲ್ಲದೆ ಪೆಟ್ಟು ಕೊಡುವ ಜೋಡಣೆ ಇದು.

ಕಿಡ್ನಿಯ ಸೋಸುಗಕ್ಕೆ ರಕ್ತ ಒಳಬರುವ ನಾಳ ಒಂದು, ಹೊರಹೋಗುವ ನಾಳ ಒಂದು. ಒಳಬರುವ ನಾಳವನ್ನು ಅಗಲವಾಗಿ ಇಡೋದು ಮೈಯಲ್ಲೇ ಹುಟ್ಟುವ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ನೋವು ಕಡಿಮೆ ಮಾಡೋದು ಅದೇ ಪ್ರೊಸ್ಟಾಗ್ಲಾಂಡಿನನ್ನು ತಡೆದು. ಹಾಗಾಗಿ ಒಳಹರಿವು ಕುಗ್ಗುತ್ತದೆ. ತೆಲ್ಮಿಸಾರ್ಟಾನ್ ಹೊರಹೋಗುವ ನಾಳವನ್ನು ಸಡಿಲ ಮಾಡುತ್ತದೆ, ಸೋಸಲು ಬೇಕಾದ ಒತ್ತಡ ಇಳಿಯುತ್ತದೆ. ನೀರಿಳಿಸುವ ಮಾತ್ರೆ, ಅಂದರೆ ಹೈಡ್ರೋಕ್ಲೋರೋಥಯಾಜೈಡ್, ಮೈಯ ನೀರಿನ ಪ್ರಮಾಣವನ್ನೇ ತಗ್ಗಿಸುತ್ತದೆ. ಒಂದೊಂದಾಗಿ ತಡೆದುಕೊಳ್ಳುವ ಕಿಡ್ನಿ ಮೂರೂ ಸೇರಿದಾಗ, ಅದರಲ್ಲೂ ವಾಂತಿ ಭೇದಿ ಆದ ದಿನ, ಕೈಚೆಲ್ಲುತ್ತದೆ. ಮೂತ್ರ ಕಡಿಮೆಯಾಗುವುದು, ಪಾದ ಊದುವುದು, ಸುಸ್ತು ಇವೆಲ್ಲ ತಡವಾಗಿ ಕಾಣುವ ಲಕ್ಷಣ. ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯೇಟಿನಿನ್, ಪೊಟ್ಯಾಸಿಯಂ ರಕ್ತಪರೀಕ್ಷೆಯಲ್ಲಿ ಅದಕ್ಕೂ ಮೊದಲೇ ಗೊತ್ತಾಗುತ್ತದೆ. ಇತ್ತೀಚೆಗೆ ಮಾಡಿಸಿಲ್ಲದಿದ್ದರೆ ಈ ವಾರವೇ ಮಾಡಿಸಿ.

ಕಿಡ್ನಿ ಕುಗ್ಗಿದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಪ್ರಿಗಾಬಾಲಿನ್ ಹೊರಹೋಗುವುದು ಕಿಡ್ನಿಯಿಂದಲೇ, ಅದು ಮೈಯಲ್ಲಿ ಉಳಿದು ಮಂಪರು ಹೆಚ್ಚಿಸುತ್ತದೆ. ಮೆಟ್‌ಫಾರ್ಮಿನ್ ಡೋಸನ್ನೂ ಕಿಡ್ನಿ ನೋಡಿಯೇ ಇಡಬೇಕು.

ಎರಡನೆಯದು ಆಸ್ಪಿರಿನ್ 75ರ ಜೊತೆ ಅಸೆಕ್ಲೋಫೆನಾಕ್. ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುವ ಅಪಾಯ ಒಂದೊಂದರದ್ದಕ್ಕಿಂತ ಎರಡೂ ಸೇರಿದಾಗ ಹೆಚ್ಚು. ಪ್ಯಾಂಟೊಪ್ರಜೋಲ್ ಇದೆಯಲ್ಲ ಎಂದು ಧೈರ್ಯ ಮಾಡುವವರು ಬಹಳ. ಅದು ಕಾಯುವುದು ಜಠರ ಮತ್ತು ಕರುಳಿನ ಮೊದಲ ಭಾಗವನ್ನು. ಕಿಡ್ನಿಗೂ ಹೃದಯಕ್ಕೂ ಅದರಿಂದ ಯಾವ ರಕ್ಷಣೆಯೂ ಇಲ್ಲ. ಮಲ ಡಾಂಬರಿನಂತೆ ಕಪ್ಪಾಗಿ ಅಂಟಂಟಾದರೆ, ವಾಂತಿ ಕಾಫಿಪುಡಿಯ ಚರಟದ ಹಾಗೆ ಬಂದರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೊರಡಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುತ್ತದೆ, ಆದರೆ ಅದು ನೀವು ಮನೆಯಲ್ಲಿ ಕೂತು ತೀರ್ಮಾನಿಸುವ ವಿಷಯವಲ್ಲ.

ಕುಂದಾದ್ರಿ

ಮೇಡಂ, ಹಾಗಾದರೆ ಅಸೆಕ್ಲೋಫೆನಾಕ್ ಇವತ್ತೇ ನಿಲ್ಲಿಸಬಹುದಾ? ಬದಲಿಗೆ ಜೆಲ್ ಒಂದೇ ಸಾಕಾಗತ್ತಾ?

ತುಂಗಾತೀರ

ಅಸೆಕ್ಲೋಫೆನಾಕ್ ಥಟ್ಟನೆ ನಿಲ್ಲಿಸಿದರೆ ಅಪಾಯವಿಲ್ಲ, ನೋವು ಮರಳಬಹುದು ಅಷ್ಟೆ. ಬರೆದುಕೊಟ್ಟ ಮೂಳೆ ಡಾಕ್ಟರಿಗೆ ಫೋನ್ ಮಾಡಿ, “ತೆಲ್ಮಿಸಾರ್ಟಾನ್, ನೀರಿಳಿಸುವ ಮಾತ್ರೆ, ಆಸ್ಪಿರಿನ್ ಮೂರೂ ಇವೆ, ಅಸೆಕ್ಲೋಫೆನಾಕ್ ಮುಂದುವರಿಸಲೇ” ಎಂದು ಇದೇ ಮಾತಿನಲ್ಲಿ ಕೇಳಿ. ಹಾಗೆ ಕೇಳಿದರೆ ಸ್ಪಷ್ಟ ಉತ್ತರ ಸಿಗುತ್ತದೆ.

ನೀವಾಗಿಯೇ ಥಟ್ಟನೆ ನಿಲ್ಲಿಸಬಾರದವು ಬೇರೆ ಇವೆ. ಪ್ರಿಗಾಬಾಲಿನ್ ಅಥವಾ ಗಾಬಾಪೆಂಟಿನ್, ಇವನ್ನು ಕನಿಷ್ಠ ಒಂದು ವಾರದಲ್ಲಿ ಹಂತಹಂತವಾಗಿ ಇಳಿಸಬೇಕು. ನಾರ್ಟ್ರಿಪ್ಟಿಲಿನ್, ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್. ದಿನಾ ತಗೊಳ್ಳುತ್ತಿರುವ ಟ್ರಮಡಾಲ್. ಕೆಲವು ವಾರ ತಗೊಂಡ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಆಸ್ಪಿರಿನ್ 75 ಕೂಡ ಇದೇ ಸಾಲಿಗೆ ಸೇರುತ್ತದೆ, ಸ್ಟೆಂಟ್ ಹಾಕಿದವರಲ್ಲಂತೂ ಖಂಡಿತ.

ಮಂಡಿಯಂಥ ಚರ್ಮಕ್ಕೆ ಹತ್ತಿರದ ಕೀಲಿಗೆ ಡೈಕ್ಲೋಫೆನಾಕ್ ಜೆಲ್ ಒಳ್ಳೆಯ ದಾರಿ. ರಕ್ತಕ್ಕೆ ಸೇರುವುದು ಮಾತ್ರೆಗಿಂತ ಬಹಳ ಕಡಿಮೆ, ಆದರೆ ಸೊನ್ನೆಯಲ್ಲ. ಸೊಂಟದ ಆಳದ ನರದ ನೋವಿಗೆ ಅದರಿಂದ ಹೆಚ್ಚು ನಿರೀಕ್ಷೆ ಬೇಡ. ಜನ ಬಟಾಣಿ ಗಾತ್ರ ಹಚ್ಚಿ ಕೆಲಸ ಮಾಡಲ್ಲ ಅನ್ನುತ್ತಾರೆ. ಒಂದು ಮಂಡಿಗೆ ಒಂದು ಸಲಕ್ಕೆ 2ರಿಂದ 4 ಗ್ರಾಂ ಬೇಕು, ದಿನಕ್ಕೆ ಮೂರು ನಾಲ್ಕು ಸಲ. 4 ಗ್ರಾಂ ಲೆಕ್ಕದಲ್ಲಿ 30 ಗ್ರಾಂ ಟ್ಯೂಬ್ ಏಳು ಸಲಕ್ಕೆ ಖಾಲಿ. ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡಬೇಡಿ, ಬಟ್ಟೆ ಬಿಗಿಯಾಗಿ ಸುತ್ತಬೇಡಿ. ಕೈ ತೊಳೆಯದೆ ಕಣ್ಣು ಮುಟ್ಟಬೇಡಿ.

ಶರಾವತಿ ಕಣಿವೆ (ಹೊಸನಗರ, ಶುಶ್ರೂಷಕಿ)

ರಾತ್ರಿಯ ಮಾತ್ರೆಗಳ ಬಗ್ಗೆ ಯಾರೂ ಹೇಳಲಿಲ್ಲ. ಪ್ರಿಗಾಬಾಲಿನ್, ನಾರ್ಟ್ರಿಪ್ಟಿಲಿನ್, ಟ್ರಮಡಾಲ್ ಮೂರೂ ಮಂಪರು ತರಿಸುವಂಥವು. ನೆಗಡಿ ಮಾತ್ರೆಯಲ್ಲಿರುವ ಕ್ಲೋರ್‌ಫೆನಿರಮಿನ್ ಸೇರಿದರೆ ನಾಲ್ಕು, ನಿದ್ದೆ ಮಾತ್ರೆ ಸೇರಿದರೆ ಐದು. ಜಾಸ್ತಿಯಾದಾಗ ಬರೀ ನಿದ್ದೆ ಅಲ್ಲ, ಉಸಿರೇ ನಿಧಾನವಾಗತ್ತೆ. ಕರೆದರೆ ಏಳದಿದ್ದರೆ, ಉಸಿರು ಎಳೆದೆಳೆದು ಬಿಡುತ್ತಿದ್ದರೆ, ತುಟಿ ನೀಲಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರೋ ತನಕ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ನೀರು, ಕಾಫಿ ಏನೂ ಹಾಕಬೇಡಿ.

ಹೆಚ್ಚು ಕಡೆ ಆಗೋದು ಬೀಳೋದು. ರಾತ್ರಿ ಎರಡಕ್ಕೆ ಮೂತ್ರಕ್ಕೆ ಎದ್ದಾಗ ಬಿಪಿ ಇಳಿದು ಕಣ್ಣು ಕತ್ತಲೆ ಕಟ್ಟತ್ತೆ. ನಮ್ಮ ಕಡೆ ಹಳೇ ಮನೆಗಳಲ್ಲಿ ಬಚ್ಚಲು ಮನೆ ಹಿಂದೆ, ದಾಟಬೇಕಾದ ಹೊಸಿಲು ಮೂರು, ಮಳೆಗಾಲದಲ್ಲಿ ಕರೆಂಟಿಲ್ಲ, ಅಂಗಳದಲ್ಲಿ ಪಾಚಿ. ಹಾಸಿಗೆ ಪಕ್ಕದಲ್ಲೇ ಟಾರ್ಚ್ ಇರಲಿ. ಎದ್ದು ಕೂತು, ಕಾಲು ಕೆಳಗೆ ಬಿಟ್ಟು ಒಂದೆರಡು ನಿಮಿಷ ಕಳೆದ ಮೇಲೆ ನಿಲ್ಲಬೇಕು. ನೀರಿಳಿಸುವ ಮಾತ್ರೆ ಬೆಳಿಗ್ಗೆಯೇ ಮುಗಿದಿರಬೇಕು, ರಾತ್ರಿಗೆ ಜಾರಿಸಬಾರದು.

ಇನ್ನೊಂದು: ಟ್ರಮಡಾಲ್ ಮತ್ತು ನಾರ್ಟ್ರಿಪ್ಟಿಲಿನ್ ಎರಡೂ ಮಿದುಳು, ನರಗಳಲ್ಲಿರುವ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡತ್ತೆ. ಜೊತೆಗೆ ಖಿನ್ನತೆಗೆ ಕೊಡುವ ಎಸ್ಸಿಟಾಲೊಪ್ರಾಮ್, ಸರ್ಟ್ರಲಿನ್ ಅಥವಾ ನರದ ನೋವಿಗೆ ಡುಲೋಕ್ಸೆಟಿನ್ ಸೇರಿದರೆ ಅಪಾಯ ಏರತ್ತೆ. ಅದರ ಲಕ್ಷಣ ಇವು: ಕೈ ನಡುಕ, ವಿಪರೀತ ಬೆವರು, ಎದೆ ಹೊಡೆದುಕೊಳ್ಳೋದು, ಭೇದಿ, ತಳಮಳ, ಮೈ ಸೆಟೆದು ಜ್ವರ. ಇದು ಡೋಸ್ ಶುರು ಮಾಡಿದ ಅಥವಾ ಏರಿಸಿದ ಮೊದಲ ದಿನದೊಳಗೇ ಕಾಣೋದು ಜಾಸ್ತಿ. ಮೂರ್ಛೆ ರೋಗ ಇದ್ದವರಿಗೆ ಟ್ರಮಡಾಲ್ ಫಿಟ್ಸ್ ತರಿಸಬಹುದು, ಡಾಕ್ಟರಿಗೆ ಹೇಳಲೇಬೇಕು.

ಅಡಿಕೆ ಕೊನೆ ಕೊಯ್ಲಿನ ಕಾಲದಲ್ಲಿ ಇನ್ನೂ ಎಚ್ಚರ ಬೇಕು. ಪ್ರಿಗಾಬಾಲಿನ್ ಹೊಸದಾಗಿ ಶುರುವಾದ ಅಥವಾ ಡೋಸ್ ಏರಿಸಿದ ದಿನಗಳಲ್ಲಿ ಮರ ಹತ್ತೋದು, ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯೋದು, ಘಾಟಿಯಲ್ಲಿ ಬೈಕ್ ಓಡಿಸೋದು ಬೇಡ. ಸಾರಾಯಿ ಇವುಗಳ ಜೊತೆ ಸೇರಲೇಬಾರದು, ಒಂದು ಗುಟುಕೂ ಕೂಡ.

ಔಷಧ ಪೆಟ್ಟಿಗೆ

ಶುಶ್ರೂಷಕಿ ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಟ್ರಮಡಾಲ್ ಶೆಡ್ಯೂಲ್ ಎಚ್1 ಔಷಧ, ಅಂದರೆ ಚೀಟಿ ಇದ್ದರೆ ಮಾತ್ರ ಮಾರಬೇಕಾದ್ದು, 2018ರಿಂದ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೂ ಬಂದಿದೆ. ಮಾರಿದ್ದನ್ನು ಅಂಗಡಿಯವರು ರಿಜಿಸ್ಟರಿನಲ್ಲಿ ಬರೆಯಬೇಕು. ಚೀಟಿ ಇಲ್ಲದೆ ಕೊಡಲ್ಲ ಅಂದರೆ ಸಿಟ್ಟಾಗಬೇಡಿ. ಪಕ್ಕದ ಮನೆಯವರ ಸೊಂಟ ನೋವಿಗೆ ನಿಮ್ಮ ಸ್ಟ್ರಿಪ್ಪಿಂದ ಎರಡು ಮುರಿದು ಕೊಡಬೇಡಿ. ಅವರು ಬೇರೆ ಏನು ತಗೊಳ್ತಿದಾರೆ ಅನ್ನೋದು ನಿಮಗೆ ಗೊತ್ತಿರಲ್ಲ.

ಕೋಟೆಗುಡ್ಡ (ಸೊರಬ)

ಮಲೆನಾಡಿನಲ್ಲಿ ಜ್ವರ ಬಂದ ದಿನ ಈ ಪಟ್ಟಿಗೆ ಏನಾಗಬೇಕು ಅನ್ನೋದನ್ನ ದಯವಿಟ್ಟು ಯಾರಾದರೂ ಬರೆಯಿರಿ. ಡಿಸೆಂಬರಿಂದ ಮೇ ತನಕ ಇಲ್ಲಿ ಜ್ವರ ಅಂದರೆ ಮೊದಲು ಮಂಗನ ಕಾಯಿಲೆಯ ಭಯ.

ತುಂಗಾತೀರ

ಕೋಟೆಗುಡ್ಡದವರೇ, ಒಳ್ಳೆಯ ಪ್ರಶ್ನೆ. ನೋವಿನ ಮಾತ್ರೆಯ ಸಲಹೆಗಳು ಊರೂರಿಗೂ ಒಂದೇ ಆದರೂ ಇದೊಂದು ನಮ್ಮ ಕಡೆಯವರು ವಿಶೇಷವಾಗಿ ಗಮನಿಸಬೇಕಾದ ವಿಷಯ. 1957ರಲ್ಲಿ ನಿಮ್ಮದೇ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಅದು, ಉಣುಗಿನಿಂದ ಹರಡುತ್ತದೆ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಇಳಿದು ರಕ್ತಸ್ರಾವ ಆಗಬಹುದು. ಡೆಂಗಿಯಲ್ಲೂ ಹಾಗೆ. ಇಲಿ ಜ್ವರ ಕಿಡ್ನಿಗೇ ಕೈಹಾಕುತ್ತದೆ. ಈ ಮೂರರಲ್ಲಿ ಯಾವುದೇ ಆಗಿರಲಿ, ಅಸೆಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಜಾತಿಯ ಮಾತ್ರೆ ಇರಬಾರದು. ಜ್ವರ ಯಾವುದೆಂದು ತಿಳಿಯುವ ತನಕ ಅವನ್ನು ನಿಲ್ಲಿಸಿ. ಜ್ವರಕ್ಕೆ ಬರೀ ಪ್ಯಾರಾಸಿಟಮಾಲ್, ಕೂಡುಮಾತ್ರೆಯಲ್ಲ. ಆಸ್ಪಿರಿನ್ ಬಗ್ಗೆ ಅದೇ ದಿನ ಡಾಕ್ಟರನ್ನು ಕೇಳಿ.

ಎಡವುವುದು ಇಂಜೆಕ್ಷನ್ನಿನಲ್ಲಿ. ಮೈಕೈ ನೋವು ತಡೆಯಲ್ಲ, ಒಂದು ಸೂಜಿ ಹಾಕಿ ಎಂದು ಕೇಳುತ್ತಾರೆ. ಅದು ಬಹುಪಾಲು ಡೈಕ್ಲೋಫೆನಾಕ್. ಪ್ಲೇಟ್‌ಲೆಟ್ ಇಳಿದಿರುವಾಗ ಮಾಂಸಖಂಡಕ್ಕೆ ಚುಚ್ಚಿದರೆ ಅಲ್ಲೇ ಒಳಗೆ ರಕ್ತ ಸೋರಿ ಗಂಟಾಗುವ ಅಪಾಯ ಬೇರೆ.

ದಿನಾ ಎರಡು ಹೊತ್ತು ಪ್ಯಾರಾಸಿಟಮಾಲ್ ಬೆರೆತ ಮಾತ್ರೆ ಅಥವಾ ಸ್ಟೀರಾಯ್ಡ್ ತಗೊಳ್ಳುವವರಲ್ಲಿ ಥರ್ಮಾಮೀಟರಿನಲ್ಲಿ ಜ್ವರ ಪೂರ್ತಿ ಕಾಣುವುದಿಲ್ಲ. ಇದು ನೆನಪಿರಲಿ. ಕಾಡಿಗೆ, ತೋಟಕ್ಕೆ ಹೋಗಿ ಬಂದ ಮೇಲೆ ಇದ್ದಕ್ಕಿದ್ದಂತೆ ತಲೆನೋವು, ಕಣ್ಣು ಕೆಂಪು, ಸೊಂಟ ಮುರಿದಂತೆ ನೋವು ಬಂದರೆ ಹಳೆಯ ನೋವೇ ಹೆಚ್ಚಾಯಿತು ಎಂದು ಟ್ರಮಡಾಲ್ ಏರಿಸದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಕೊಡಿ.

ವಾಂತಿ ಭೇದಿಯಾಗಿ ನೀರೂ ನಿಲ್ಲದ ದಿನ ನೀರಿಳಿಸುವ ಮಾತ್ರೆ, ತೆಲ್ಮಿಸಾರ್ಟಾನ್, ಮೆಟ್‌ಫಾರ್ಮಿನ್ ಇವನ್ನೂ ತಾತ್ಕಾಲಿಕವಾಗಿ ತಡೆಹಿಡಿಯಬೇಕಾಗಬಹುದು. ಯಾವುದು, ಎಷ್ಟು ದಿನ ಎಂಬುದನ್ನು ಚೆನ್ನಾಗಿರುವಾಗಲೇ ಡಾಕ್ಟರ ಹತ್ತಿರ ಬರೆಸಿಟ್ಟುಕೊಳ್ಳಿ. ಮಳೆಯಲ್ಲಿ ದಾರಿ ಕಟ್ಟಿದ ದಿನ ಆ ಚೀಟಿ ಕೆಲಸಕ್ಕೆ ಬರುತ್ತದೆ.

ಬಿದನೂರು

ಕಷಾಯ ಔಷಧವೇ ಅಲ್ಲ ಅಂತ ಪಟ್ಟಿಯಿಂದ ಬಿಡ್ತಾರೆ. ಅದೂ ಬರೀಬೇಕಾ?

ಔಷಧ ಪೆಟ್ಟಿಗೆ

ಬರೀಲೇಬೇಕು. ಕೊತ್ತಂಬರಿ, ಜೀರಿಗೆ, ಮೆಣಸಿನ ದಿನದ ಕಷಾಯಕ್ಕೆ ಚಿಂತೆ ಇಲ್ಲ. ಜೇಷ್ಠಮಧು ಇದ್ದರೆ ಕೇಳಿ: ದಿನಾ ಕುಡಿದರೆ ಬಿಪಿ ಏರಿಸತ್ತೆ, ಪೊಟ್ಯಾಸಿಯಂ ಇಳಿಸತ್ತೆ, ನೀರಿಳಿಸುವ ಮಾತ್ರೆಯೂ ಪೊಟ್ಯಾಸಿಯಂ ಇಳಿಸೋದೇ. ಅಮೃತಬಳ್ಳಿಯಿಂದ ಕೆಲವರಲ್ಲಿ ಲಿವರ್ ಊತ ಆಗಿರೋದು ವೈದ್ಯಕೀಯ ವರದಿಗಳಲ್ಲಿದೆ. ಪ್ಯಾರಾಸಿಟಮಾಲ್ ಮಿತಿಯ ಹತ್ತಿರ ಇರುವವರು ತಿಂಗಳುಗಟ್ಟಲೆ ಕುಡಿಯೋದು ಬೇಡ. ಕಣ್ಣು, ಮೂತ್ರ ಹಳದಿಯಾದರೆ ಎಲ್ಲ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.

ನನಗೆ ನಿಜಕ್ಕೂ ಹೆದರಿಕೆ ಆಗೋದು ಕಾಗದದಲ್ಲಿ ಕಟ್ಟಿಕೊಡುವ ಲೇಬಲ್ ಇಲ್ಲದ ಪುಡಿ, ಗುಳಿಗೆ ಕಂಡಾಗ. ಮೂರೇ ದಿನದಲ್ಲಿ ಮಂಡಿ ನೋವು ಮಾಯ, ಹಸಿವು ಜೋರು, ಮುಖ ದುಂಡಗೆ, ಶುಗರ್ ಏರಿಕೆ ಅಂದರೆ ಒಳಗೆ ಸ್ಟೀರಾಯ್ಡ್ ಇರಬಹುದು. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್, ನೋವಿನ ಔಷಧ ಬೆರೆಸಿರೋದು ಪರೀಕ್ಷೆಗಳಲ್ಲಿ ಸಿಕ್ಕಿದೆ. ಬಹಳ ದಿನ ತಗೊಂಡಿದ್ದರೆ ಎಸೆದುಬಿಡಬೇಡಿ, ಥಟ್ಟನೆ ನಿಲ್ಲಿಸಿದರೆ ಬಿಪಿ ಕುಸಿದು ಬೀಳಬಹುದು. ಪೊಟ್ಟಣ ಸಮೇತ ಫಿಸಿಷಿಯನ್ ಹತ್ತಿರ ಹೋಗಿ.

ಮಳೆಕಾಡು (ಆಗುಂಬೆ)

ವಾರದ ಡಬ್ಬಿಯಲ್ಲಿ ಮಾತ್ರೆ ಬಿಡಿಸಿ ತುಂಬೋದು ನಮ್ಮಲ್ಲಿ ಆಷಾಢದಲ್ಲಿ ಕಷ್ಟ. ಥಂಡಿಗೆ ಮೆತ್ತಗಾಗತ್ತೆ, ಬಣ್ಣ ತಿರುಗತ್ತೆ. ಏನು ಉಪಾಯ?

ಔಷಧ ಪೆಟ್ಟಿಗೆ

ಸ್ಟ್ರಿಪ್ಪನ್ನೇ ಕತ್ತರಿಯಿಂದ ಒಂದೊಂದು ಮಾತ್ರೆಗೆ ಕತ್ತರಿಸಿ, ಫಾಯಿಲ್ ಒಡೆಯದೆ ಡಬ್ಬಿಗೆ ಹಾಕಿ. ಎಕ್ಸ್‌ಪೈರಿ ಮತ್ತು ಹೆಸರು ಇರುವ ತುದಿಯನ್ನು ಕೊನೇ ತನಕ ಉಳಿಸಿ. ಕಣ್ಣು ಮಂದ ಇರುವವರು ಫಾಯಿಲ್ ಸಮೇತ ನುಂಗದ ಹಾಗೆ ಮನೆಯವರೇ ಬಿಡಿಸಿ ಕೊಡಬೇಕು, ಅದರ ಚೂಪು ಅನ್ನನಾಳ ಗೀರತ್ತೆ. ಬಿಡಿಸಿ ತುಂಬಲೇಬೇಕಾದರೆ ಮಳೆಗಾಲದಲ್ಲಿ ಎರಡು ದಿನದ್ದು ಮಾತ್ರ. ಆಸ್ಪಿರಿನ್ ತೇವ ಎಳೆದರೆ ವಿನೆಗರ್ ಥರ ಹುಳಿ ವಾಸನೆ ಬರತ್ತೆ, ಆ ಮಾತ್ರೆ ಬಿಸಾಡಿ. ಒಲೆ ಹತ್ತಿರ, ಬಚ್ಚಲ ಗೂಡಿನಲ್ಲಿ, ಫ್ರಿಜ್ಜಿನಲ್ಲಿ ಮಾತ್ರೆ ಇಡಬೇಡಿ.

ಎಸ್‌ಆರ್, ಎಕ್ಸ್‌ಆರ್, ಸಿಆರ್ ಅಂತ ಬರೆದ, ನಿಧಾನವಾಗಿ ಔಷಧ ಬಿಡುವ ಮಾತ್ರೆ ಪುಡಿ ಮಾಡಬೇಡಿ. ಹನ್ನೆರಡು ಅಥವಾ ಇಪ್ಪತ್ನಾಲ್ಕು ಗಂಟೆಗೆ ಹಂಚಬೇಕಾದ್ದು ಒಂದೇ ಸಲ ರಕ್ತಕ್ಕೆ ಸೇರತ್ತೆ. ನುಂಗೋಕೆ ಆಗದಿದ್ದರೆ ಬೇರೆ ರೂಪದ್ದು ಬರೆಸಿಕೊಳ್ಳಿ.

ಹೊತ್ತಿನ ಬಗ್ಗೆ: ಪ್ಯಾಂಟೊಪ್ರಜೋಲ್ ತಿಂಡಿಗೆ ಅರ್ಧ ಗಂಟೆ ಮುಂಚೆ. ಥೈರಾಯ್ಡ್ ಮಾತ್ರೆ ಇದ್ದರೆ ಅದು ಬರೀ ಹೊಟ್ಟೆಗೆ ನೀರಿನಲ್ಲಿ, ಕಾಫಿ ಆಮೇಲೆ, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ನಾಲ್ಕು ಗಂಟೆ ದೂರ. ಗಾಬಾಪೆಂಟಿನ್ ತಗೊಳ್ಳುವವರು ಗ್ಯಾಸಿನ ಬಿಳಿ ಸಿರಪ್ ಕುಡಿದ ಮೇಲೆ ಎರಡು ಗಂಟೆ ಬಿಡಿ. ಮರೆತ ಮಾತ್ರೆಗೆ ಮುಂದಿನ ಹೊತ್ತಿಗೆ ಎರಡು ಸೇರಿಸಬೇಡಿ.

ಕೋಟೆಗುಡ್ಡ

ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಇರುವವರಿಗೂ ಇದೇ ಡಬ್ಬಿ ಸಾಕಾ?

ಶರಾವತಿ ಕಣಿವೆ

ಬೇಡ, ಅದನ್ನ ಬೇರೆಯೇ ಇಡಿ. ಅದು ವಾರಕ್ಕೊಂದು ದಿನದ ಔಷಧ. ದಿನದ ಡಬ್ಬಿಗೆ ಬಿದ್ದು ದಿನಾ ನುಂಗಿದರೆ ರಕ್ತ ತಯಾರಿಸುವ ಮೂಳೆಮಜ್ಜೆ ಕೆಲಸ ನಿಲ್ಲಿಸತ್ತೆ, ಬಾಯಿ ತುಂಬ ಹುಣ್ಣು, ಪ್ರಾಣಕ್ಕೇ ಅಪಾಯ. ವಾರದ ಹೆಸರನ್ನೇ ದೊಡ್ಡದಾಗಿ ಬರೆಸಿ: “ಭಾನುವಾರ ಮೆಥೊಟ್ರೆಕ್ಸೇಟ್”. ಫೋಲಿಕ್ ಆಸಿಡ್ ಅದಲ್ಲದ ದಿನ. ಎರಡೂ ಹಳದಿ ಸಣ್ಣ ಮಾತ್ರೆ ಇರಬಹುದು, ಬಣ್ಣ ನೋಡಿ ಕೊಡಬೇಡಿ. ಮೂತ್ರದ ಸೋಂಕಿಗೆ ಯಾರಾದರೂ ಕೋಟ್ರೈಮಾಕ್ಸಜೋಲ್ ಬರೆದರೆ, ಮೆಥೊಟ್ರೆಕ್ಸೇಟ್ ಇದೆ ಅಂತ ಅಲ್ಲೇ ಹೇಳಿ. ಅವೆರಡೂ ಸೇರಬಾರದು.

ಬಿದನೂರು

ಪ್ಯಾರಾಸಿಟಮಾಲ್ ದಿನಕ್ಕೆ 4 ಗ್ರಾಂ ತನಕ ತಗೋಬಹುದು ಅಂತ ಎಲ್ಲ ಕಡೆ ಇದೆ. ಹಾಗಾದರೆ ಮೇಲೆ ಹೇಳಿದ 3575 ಮಿತಿಯೊಳಗೇ ಇದೆಯಲ್ಲ?

ತುಂಗಾತೀರ

4 ಗ್ರಾಂ ಆರೋಗ್ಯವಾಗಿರುವ, ತೂಕ ಸರಿಯಿರುವ ದೊಡ್ಡವರಿಗೆ ಹೇಳಿದ ತುತ್ತತುದಿ. ಇಲ್ಲಿ 48 ಕೆಜಿ, 68 ವರ್ಷ. ಒಂದು ಸಲಕ್ಕೆ ಕೆಜಿಗೆ 15 ಮಿಗ್ರಾಂ ಲೆಕ್ಕದಲ್ಲಿ 720 ಆಗುತ್ತದೆ, ಆರು ಗಂಟೆಗೊಮ್ಮೆ ನಾಲ್ಕು ಸಲ ಎಂದರೆ 2880. ದಿನಾ ತಗೊಳ್ಳುವ ಇಂಥವರಿಗೆ ನಾನು ಅದಕ್ಕೂ ಕೆಳಗೇ ಇಡುತ್ತೇನೆ. ಊಟ ಸೇರದೆ ಸೊರಗಿದವರಿಗೆ, ಲಿವರ್ ತೊಂದರೆ ಇರುವವರಿಗೆ, ಕುಡಿಯುವ ಅಭ್ಯಾಸ ಇರುವವರಿಗೆ ಇನ್ನೂ ಕಡಿಮೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತಗೊಳ್ಳುವವರು ದಿನಾ ಪ್ಯಾರಾಸಿಟಮಾಲ್ ಸೇರಿಸಿದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಏರಬಹುದು, ಪರೀಕ್ಷೆ ಬೇಗ ಮಾಡಿಸಬೇಕು. ಮಿತಿ ಮೀರಿದ ಮೊದಲ ದಿನ ಏನೂ ಅನ್ನಿಸದಿರಬಹುದು. ಏನೂ ಆಗಲಿಲ್ಲ ಎಂದು ಬಿಡದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಅದಕ್ಕೆ ಮದ್ದು ಇದೆ, ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು.

ಕುಂದಾದ್ರಿ

ತುಂಬಾ ಉಪಕಾರ ಆಯ್ತು. ಕೊನೇದೊಂದು. ಪಟ್ಟಿ ಹಾಳೆಯಲ್ಲಿ ಏನೇನು ಕಾಲಂ ಇರಬೇಕು? ಈಗ ಕೆಲವನ್ನು ಜನೌಷಧಿ ಕೇಂದ್ರದಿಂದ ತರೋಣ ಅಂತ ಇದೀವಿ.

ಔಷಧ ಪೆಟ್ಟಿಗೆ

ಒಳಗಿನ ಔಷಧದ ಹೆಸರು, ಎಷ್ಟು ಮಿಗ್ರಾಂ, ಯಾವುದಕ್ಕೆ, ಯಾವ ಹೊತ್ತು, ಊಟಕ್ಕೆ ಮುಂಚೆಯೋ ನಂತರವೋ, ಯಾರು ಬರೆದರು, ಯಾವತ್ತು ಶುರು, ಯಾವಾಗ ನಿಲ್ಲಿಸಬೇಕು. ಕೊನೇ ಕಾಲಂ ಖಾಲಿ ಇದ್ದರೆ ಡಾಕ್ಟರನ್ನು ಕೇಳಿ ತುಂಬಿಸಿ. ಐದು ದಿನಕ್ಕೆ ಬರೆದ ನೋವಿನ ಮಾತ್ರೆ ಐದು ತಿಂಗಳು ಓಡೋದು ಅದು ಖಾಲಿ ಇರೋದ್ರಿಂದಲೇ. ಹಾಳೆಯ ತಲೆಯಲ್ಲಿ ತೂಕ, ಕ್ರಿಯೇಟಿನಿನ್ ಮತ್ತು ಪರೀಕ್ಷೆಯ ತಾರೀಕು, ಯಾವ ಔಷಧಕ್ಕೆ ಅಲರ್ಜಿ. “ಬೇಕಾದಾಗ” ಅನ್ನುವ ಮಾತ್ರೆಯ ಮುಂದೆ ದಿನಕ್ಕೆ ಗರಿಷ್ಠ ಎಷ್ಟು ಅನ್ನೋದನ್ನೂ ಬರೆಸಿ, ನುಂಗಿದಾಗೆಲ್ಲ ಹೊತ್ತು ಗುರುತು ಹಾಕಿ. ಫೋಟೊ ತೆಗೆದು ಮನೆಯ ಇಬ್ಬರ ಮೊಬೈಲಿನಲ್ಲಿ ಇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಿರಲಿ, ಬೇರೆ ಎಲ್ಲೇ ಇರಲಿ, ಮೊದಲು ಈ ಹಾಳೆ ತೋರಿಸಿ, ಆಮೇಲೆ ನೋವು ಹೇಳಿ. ಯಾವುದಾದರೂ ಔಷಧದಿಂದ ಅಡ್ಡಪರಿಣಾಮ ಆಗಿದೆ ಅನ್ನಿಸಿದರೆ 1800-180-3024ಕ್ಕೆ ನೀವೇ ತಿಳಿಸಬಹುದು, ಉಚಿತ ಕರೆ.

ಜನೌಷಧಿಯಿಂದ ಧಾರಾಳವಾಗಿ ತನ್ನಿ. ಆದರೆ ಹೊಸ ಸ್ಟ್ರಿಪ್ ಮೇಲೆ ತೆಲ್ಮಿಸಾರ್ಟಾನ್ ಅಂತ ಇರತ್ತೆ, ಹಳೆಯದರ ಮೇಲೆ ಕಂಪನಿ ಹೆಸರು. ಬೇರೆ ಬೇರೆ ಮಾತ್ರೆ ಅಂದುಕೊಂಡು ಎರಡೂ ನುಂಗಿ ಬಿಪಿ ಕುಸಿದು ಬೀಳೋದು ಹೀಗೇ. ಹೊಸದು ಬಂದ ದಿನವೇ ಹಳೇ ಸ್ಟ್ರಿಪ್ ಡಬ್ಬಿಯಿಂದ ತೆಗೀರಿ. ಉಳಿದದ್ದನ್ನು ಮುಗಿಸಬೇಕಾದರೆ ಎರಡನ್ನೂ ರಬ್ಬರ್ ಬ್ಯಾಂಡ್ ಹಾಕಿ ಒಟ್ಟಿಗೆ ಕಟ್ಟಿ, ಮೇಲೆ “ಎರಡೂ ಒಂದೇ ಮಾತ್ರೆ, ಯಾವುದಾದರೂ ಒಂದು” ಅಂತ ಮಾರ್ಕರಿನಲ್ಲಿ ಬರೆದಿಡಿ. ನಿಮ್ಮದು ಕೂಡುಮಾತ್ರೆ, ತೆಲ್ಮಿಸಾರ್ಟಾನ್ ಜೊತೆ ಹೈಡ್ರೋಕ್ಲೋರೋಥಯಾಜೈಡ್ ಇದೆ. ಬರೀ ತೆಲ್ಮಿಸಾರ್ಟಾನ್ ಕೊಟ್ಟರೆ ಅದು ಅದಕ್ಕೆ ಸಮ ಅಲ್ಲ, ಕೌಂಟರಿನಲ್ಲೇ ಎರಡೂ ಹೆಸರು ಓದಿ ನೋಡಿಕೊಂಡು ತನ್ನಿ.